ಕ್ರೈಸ್ತರ ಓಣಿಗೆ ಹೋದ ಚಿತ್ರ

ನೂಲಹಾಳ, ೨೩೧೧ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಹಿಂದಿನ ಕಾಲದ ಹಿರಿಯರಿಗೆ ನೇಕಾರರ ದೇವಕುಮಾರನ ವಂದನೆಗಳು.

ಈ ಕಥೆಯನ್ನು ಮೊದಲು ಹೇಳಿದವಳು ನನ್ನ ಅಜ್ಜಿಯ ದೊಡ್ಡಪ್ಪನ ಮಗಳು ಸುಗಂಧವ್ವ. ೨೨೬೯ರಲ್ಲಿ, ಇದೇ ಹದಿಮೂರನೆಯ ತಿಂಗಳ ಒಂದು ಮಧ್ಯಾಹ್ನ, ನೂಲು ಒಣಹಾಕುವ ಚಪ್ಪರದ ಕೆಳಗೆ. ಕೇಳಿದವರು ಆರು ಜನ; ಅವರಲ್ಲಿ ನನ್ನ ಅಜ್ಜಿ ಒಬ್ಬಳು. ನಿಮಗೆ ವರ್ಷಕ್ಕೆ ಹನ್ನೆರಡೇ ತಿಂಗಳು ಎಂದು ಬಲ್ಲೆ. ಬಿಸಿಲು ಹೆಚ್ಚಿದ ಮೇಲೆ ನಾವು ಪ್ರತಿ ತಿಂಗಳಿಂದ ಎರಡೆರಡು ದಿನ ತೆಗೆದು ಇನ್ನೊಂದು ತಿಂಗಳು ಮಾಡಿಕೊಂಡೆವು. ಅದರ ಹೆಸರು ಬೇಗೆ. ಆಗ ಹಗಲು ಯಾರೂ ಮಗ್ಗ ಮುಟ್ಟುವುದಿಲ್ಲ; ನೆರಳಿನಲ್ಲಿ ಕೂತು ಕಥೆ ಹೇಳುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ.

ನಿಮ್ಮ ಹಾಗೆ ಎಷ್ಟು ಬೇಕೋ ಅಷ್ಟು ಸಿನಿಮಾ ಕೂಡಿಡುವಷ್ಟು ವಿದ್ಯುತ್ತು ನಮಗಿಲ್ಲ. ಸೀಮೆಗೊಂದು ಚಿತ್ರಕಣಜವಿದೆ. ಮನೆಯ ಗೋಡೆಗೆ ಯಾವ ಬಗೆಯದು ಬೇಕೆಂದು ಹೇಳಿದರೆ ಕಣಜ ಅದನ್ನು ಗೋಡೆಯ ಮೇಲೆ ತೋರಿಸುತ್ತದೆ. ಬಗೆಗೆ ನಾವು ಓಣಿ ಎನ್ನುತ್ತೇವೆ: ನಗುವ ಓಣಿ, ಅಳುವ ಓಣಿ, ಹೊಡೆದಾಟದ ಓಣಿ. ಒಂದು ಚಿತ್ರಕ್ಕೆ ಒಂದೇ ಓಣಿ. ವರ್ಷದಲ್ಲಿ ಇಪ್ಪತ್ತು ಮನೆಯವರಾದರೂ ನೋಡದಿದ್ದರೆ ಬೇಗೆಯ ಕಡೆಯ ದಿನ ಅದನ್ನು ಅಳಿಸಿಬಿಡುತ್ತಾರೆ. ನಿಮಗೆ ಕ್ರೂರವೆನಿಸಬಹುದು, ನಮಗೆ ರೂಢಿಯಾಗಿದೆ.

ನಮ್ಮೂರಿನವರೇ ಸೇರಿ ೨೨೦೯ರಲ್ಲಿ ತೆಗೆದ ಒಂದು ಚಿತ್ರ ಅಳುವ ಓಣಿಯಲ್ಲಿತ್ತು. ನೇಕಾರ ಮನಸ್ಸೆಪ್ಪನ ಮಗ ಲಾರಿಗೆ ಸಿಕ್ಕಿ ಸಾಯುತ್ತಾನೆ. ವರ್ಷ ಕಳೆದ ಮೇಲೆ ಮನಸ್ಸೆಪ್ಪ ಅದೇ ಲಾರಿಯವನ ಮಗಳ ಮದುವೆಗೆ ಸೀರೆ ನೇಯ್ದು ಕೊಡುತ್ತಾನೆ. ನಡುವೆ, ಚರ್ಚಿನ ಮುಂದೆ ಹೆಣ ಇಳಿಸಿದಾಗ, ತುಂಬು ಬಸುರಿಯೊಬ್ಬಳು ನಿಂತು ಹಾಡುತ್ತಾಳೆ. ಅವಳೇ ಸುಗಂಧವ್ವನ ತಾಯಿ ಮಾರ್ಥವ್ವ. ಚಿತ್ರ ತೆಗೆದ ತಿಂಗಳೊಳಗೆ ಸುಗಂಧವ್ವನನ್ನು ಹೆತ್ತು ತೀರಿಕೊಂಡಳು. ತಾಯಿಯ ದನಿ ಮಗಳಿಗೆ ಸಿಕ್ಕಿದ್ದು ಆ ಹಾಡಿನಲ್ಲಿ ಮಾತ್ರ.

೨೨೫೧ರಲ್ಲಿ ಕಣಜದವರು ಊರಿಗೆ ಬಂದು, ಕ್ರೈಸ್ತ ವಿಷಯದ ಚಿತ್ರಗಳಿಗೆ ಬೇರೆ ಓಣಿ ಬೇಕೇ ಎಂದು ಕೇಳಿದರು. ಸಭಾಪಾಲಕರಾದ ಯೋವೇಲಯ್ಯನವರು ಎದ್ದು ನಿಂತರು.

"ಅಳೂ ಓಣ್ಯಾಗ ನಲವತ್ತು ಸಾವಿರ ಚಿತ್ರ ಅದಾವು. ನಮ್ಮ ಮಕ್ಕಳು ತಮ್ಮದನ್ನ ಹುಡುಕೂದು ಹ್ಯಾಂಗ? ನಮಗೂ ಒಂದು ಹೆಸರು ಬ್ಯಾಡೇನು?"

ಸುಗಂಧವ್ವನ ನೆರೆಮನೆಯ ರುದ್ರವ್ವ, ಲಿಂಗಾಯತರ ಹೆಂಗಸು, ಕೂತಲ್ಲಿಂದಲೇ ಕೇಳಿದಳು. "ಅಯ್ಯನೋರ, ನಮ್ಮೂರ ಚಿತ್ರದಾಗ ಲಾರಿ ಹೊಡದಾಂವ ನಮ್ಮ ಮಾವ. ಕೊರಳಾಗ ಲಿಂಗ ಕಟಗೊಂಡೇ ಹೊಡದಾನ. ಅವನ್ನ ಯಾವ ಓಣ್ಯಾಗ ಇಳಸ್ತೀರಿ?"

"ನಮ್ಮ ಓಣಿಗೇ ಕರಕೊಂಡು ಹೋಗ್ತೀವಿ ಬಿಡವ್ವ. ನೀ ಬುತ್ತಿ ಕಟ್ಟಿ ಕಳಸು."

ಸಭೆ ನಕ್ಕಿತು. ಕೈ ಎತ್ತುವವರು ಎತ್ತಿದರು. ಸುಗಂಧವ್ವನೂ ಎತ್ತಿದಳು, ನಲವತ್ತು ಸಾವಿರದಲ್ಲಿ ತಾಯಿಯನ್ನು ಹುಡುಕಿ ಅವಳಿಗೆ ಸಾಕಾಗಿತ್ತು. ಅಯ್ಯನವರ ಮಾತಿನಲ್ಲಿ ಸುಳ್ಳಿರಲಿಲ್ಲ, ಅದನ್ನು ನಾನೂ ಒಪ್ಪುತ್ತೇನೆ.

ನಮ್ಮೂರ ಚಿತ್ರ ಕ್ರೈಸ್ತರ ಓಣಿಗೆ ಹೋಯಿತು. ಹೆಸರು ಬಂತು, ಹಿಂದೆಯೇ ನಮ್ಮವರಿಗೆ ಭಯಭಕ್ತಿಯೂ ಬಂತು. ಮೊದಲು ರೊಟ್ಟಿ ತಿನ್ನುತ್ತ, ನೂಲು ಸುತ್ತುತ್ತ, ಲಾರಿಯವನ ಮೀಸೆಗೆ ನಗುತ್ತ ನೋಡುತ್ತಿದ್ದ ಚಿತ್ರವದು. ಈಗ ಸ್ನಾನ ಮಾಡಿ, ತಲೆಯ ಮೇಲೆ ಸೆರಗು ಹೊದ್ದು, ಶುಭ ಶುಕ್ರವಾರ ಮಾತ್ರ ನೋಡಬೇಕೆಂಬ ನಿಯಮ ತಾನಾಗಿಯೇ ಬೆಳೆಯಿತು. ಯಾರೂ ವಿಧಿಸಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಮುಂದಿನ ವರ್ಷ ಶುಭ ಶುಕ್ರವಾರ ಕೆಂಪು ಧೂಳಿನ ಗಾಳಿ ಎದ್ದು ಬಹಳಷ್ಟು ಮನೆಗಳಿಗೆ ವಿದ್ಯುತ್ತು ಹೋಯಿತು. ದಿನ ತಪ್ಪಿದ ಮೇಲೆ ನೋಡುವುದು ಸರಿಯಲ್ಲವೆಂದು ಅವರು ಸುಮ್ಮನಾದರು. ಸುಗಂಧವ್ವನ ಮನೆಯಲ್ಲಿ ದೀಪವಿತ್ತು. ಅವಳು ನೋಡಿದಳು, ಸಭೆಯವರೆಲ್ಲ ನೋಡಿರುತ್ತಾರೆಂದು ನಂಬಿದಳು. ನೋಡಿದ್ದು ಹನ್ನೊಂದೇ ಮನೆ.

ಅಳಿಸಿದ ಸುದ್ದಿ ಬಂದ ದಿನ ಅವಳು ರುದ್ರವ್ವನ ಅಂಗಳಕ್ಕೆ ಹೋದಳು. ಪ್ರತಿ ವರ್ಷ ಪಂಚಮಿಗೆ ರುದ್ರವ್ವ ತನ್ನ ಮಾವನನ್ನು ತೋರಿಸಲೆಂದು ನೆರೆಹೊರೆಯವರನ್ನೆಲ್ಲ ಕರೆದು ಆ ಚಿತ್ರ ಹಾಕಿಸುತ್ತಿದ್ದಳು.

"ಈ ಸಲ ಯಾಕ ಹಾಕಿಸಲಿಲ್ಲಬೇ?"

"ನಿಮ್ಮ ದೇವರದು ಅಂತ ಆತಲ್ಲ ತಂಗಿ. ಕೇಳದ ಹ್ಯಾಂಗ ಮುಟ್ಟಲಿ?" ರುದ್ರವ್ವ ಚಾಪೆ ಹಾಸಿ ಅವಳನ್ನು ಕೂರಿಸಿದಳು. "ನಮ್ಮ ಮಾವನೂ ಹ್ವಾದ, ನಿಮ್ಮವ್ವನೂ ಹ್ವಾದಳು."

ಹಿರಿಯರೇ, ಕ್ರೈಸ್ತ ಚಿತ್ರವೆಂಬ ಹೆಸರೇ ತಪ್ಪೆಂದು ನಾನು ಹೇಳಲಾರೆ. ಹೆಸರಿಲ್ಲದೆ ಗುಂಪಿನಲ್ಲಿ ಕಳೆದುಹೋದ ಚಿತ್ರಗಳೂ ಇವೆ. ಆದರೆ ಒಂದು ಚಿತ್ರಕ್ಕೆ ಒಂದೇ ಓಣಿ ಎಂಬ ಕಟ್ಟುಪಾಡು ನಿಮ್ಮ ಕಾಲದಿಂದಲೇ ನಮಗೆ ಬಂದದ್ದು. ಅದನ್ನು ಮಾಡಬೇಡಿ. ಪ್ರಾರ್ಥನೆಗೆಂದು ಹುಡುಕುವವರಿಗೂ ಚಿತ್ರ ಸಿಗಲಿ, ಸುಮ್ಮನೆ ಅಳಬೇಕೆನಿಸಿದವರಿಗೂ ಸಿಗಲಿ. ಹೆಸರಿಡುವ ಮುಂಚೆ ಅದರೊಳಗೆ ಯಾರು ಯಾರು ನಿಂತಿದ್ದಾರೆಂದು ಒಮ್ಮೆ ನೋಡಿ.

ಸುಗಂಧವ್ವ ಕಥೆ ಮುಗಿಸಿದ್ದು ಬೇಗೆಯ ಕಡೆಯ ದಿನಕ್ಕೆ ಸ್ವಲ್ಪವೇ ಮುಂಚೆಯಂತೆ. ಮರುದಿನ ಬೆಳಿಗ್ಗೆ ಚಪ್ಪರದ ಕೆಳಗೆ ಕೇಳಿದ ಆ ಆರು ಜನ ಅವಳ ಮನೆಗೆ ಬಂದು ಗೋಡೆಯ ಮುಂದೆ ಕೂತರು. ತಮ್ಮದಲ್ಲದ ಓಣಿಯ, ತಮಗೆ ಬಾರದ ಭಾಷೆಯ, ಆ ವರ್ಷ ಯಾರೂ ಕೇಳದ ಒಂದು ಚಿತ್ರ ಹಾಕಿಸಿದರು. ದೋಣಿಯವನೊಬ್ಬನ ಕಥೆ. ಅರ್ಧ ತಿಳಿಯಲಿಲ್ಲ. ದೋಣಿ ದಡ ಬಿಡುವಾಗ, ಹಿಂದೆ ಎಲ್ಲೋ ಒಬ್ಬ ಹೆಂಗಸು ಕೊಡ ಇಳಿಸಿ ಯಾರನ್ನೋ ಕೂಗಿ ಕರೆಯುತ್ತಾಳೆ, ಎರಡು ಉಸಿರಿನಷ್ಟು ಹೊತ್ತು. ಸುಗಂಧವ್ವ ಅಷ್ಟನ್ನು ಇನ್ನೊಮ್ಮೆ ತೋರಿಸೆಂದಳು. ಚಿತ್ರ ಮುಗಿದ ಮೇಲೆ ಎಲ್ಲರೂ ಎದ್ದು, ಆ ಬಿಸಿಲಿನಲ್ಲೇ, ಇಪ್ಪತ್ತಕ್ಕೆ ಬೇಕಾದ ಉಳಿದ ಮನೆಗಳ ಬಾಗಿಲು ತಟ್ಟಲು ಹೊರಟರು.