ತುಂಬಿದ ನೀರಿನ ಬಾಟಲಿ

ಮೇ 31, ಶನಿವಾರ

ಮತ್ತೆ ಅದೇ. ಶ್ವೇತಾಳ ಬ್ಯಾಗಿನಿಂದ ಬಾಟಲಿ ತೆಗೆದೆ. ಬೆಳಿಗ್ಗೆ ತುಂಬಿಸಿದ ನೀರು ಹಾಗೇ ಇದೆ. ಆರನೇ ಕ್ಲಾಸು ಶುರುವಾಗಿ ಮೂರು ದಿನ, ಮೂರೂ ದಿನ ಹೀಗೇ.

“ನೀರ ಯಾಕ ಕುಡಿದಿಲ್ಲ?”

“ಬಾಯಾರಿಕಿ ಆಗಲಿಲ್ಲವ್ವಾ.”

ಸುಳ್ಳು. ಕುಡಿದರೆ ಹೋಗಬೇಕಾಗುತ್ತದೆ, ಶಾಲೆಯ ಶೌಚಾಲಯಕ್ಕೆ ಬೀಗ. ಹೋದ ವರ್ಷ ಅವಳಿಗೆ ಎರಡು ಸಲ ಉರಿಮೂತ್ರವಾಗಿ ಡಾಕ್ಟರು ನನ್ನನ್ನು ಬೈದರು. ಬೇರೆ ಸರ್ಕಾರಿ ಶಾಲೆ ನೋಡಲೇಬೇಕು. ಪ್ರೈವೇಟಿನ ಮಾತು ನಮ್ಮ ಮನೆಯಲ್ಲಿ ಎತ್ತುವ ಹಾಗಿಲ್ಲ.

ಜೂನ್ 3, ಮಂಗಳವಾರ

ಸುದ್ದಗುಂಟೆಪಾಳ್ಯದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಎರಡು ಶಾಲೆಗಳಿವೆ. ಇವತ್ತು ಅರಳಿಮರದ ಶಾಲೆ. ಹಾಜರಿ ಬೋರ್ಡಿನಲ್ಲಿ ಐವತ್ತೆರಡು, ಊಟದ ಸಾಲಿನಲ್ಲಿ ಮೂವತ್ತೊಂದು ತಲೆ. ಎಣಿಸಿಯೇ ಬಂದೆ. ಶೌಚಾಲಯ ಕೇಳಿದರೆ ಅಡುಗೆಯವಳು, “ಕೀ ಮೇಷ್ಟ್ರ ಹತ್ರ ಐತೆ ಅಕ್ಕ, ಅವ್ರು ಮೀಟಿಂಗ್ ಹೋಗವ್ರೆ” ಎಂದಳು. ಬೇಡ.

ಮನೆಗೆ ಬಂದು ಇವರಿಗೆ ಹೇಳಿದರೆ ನಕ್ಕರು. “ನಿನ್ನ ಸಂಶಯಕ್ಕ ಔಷಧಾನ ಇಲ್ಲ ನೋಡು.” ಗಂಡಸರಿಗೆ ಒಂದು ಗೋಡೆ ಸಾಕು, ನಗು ಬರುತ್ತದೆ.

ಜೂನ್ 5, ಗುರುವಾರ

ಕ್ಲಿನಿಕ್ಕಿನ ಕೆಲಸ ಮುಗಿಸಿ ನೇರ ನೀಲಿ ಗೇಟಿನ ಶಾಲೆಗೆ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಉದ್ದನೆಯ ರಿಜಿಸ್ಟರು. ಕಂಡದ್ದನ್ನೆಲ್ಲ ಅದರ ಕೊನೆಯ ಪುಟದಲ್ಲೇ ಬರೆದುಕೊಂಡೆ. ಶೌಚಾಲಯ ನೋಡಬೇಕು ಎಂದೆ, ಅಷ್ಟೇ. ಹೆಡ್‌ಮಿಸ್ ವಾರಿಜಾ ಮೇಡಂ ಎದ್ದು ನಿಂತುಬಿಟ್ಟರು!

“ಬನ್ನಿ ಮೇಡಂ, ಕೂತ್ಕೊಳ್ಳಿ. ಐದೇ ನಿಮಿಷ, ಎಲ್ಲಾ ತೋರಿಸ್ತೀನಿ.”

ಐದಲ್ಲ, ಇಪ್ಪತ್ತಾಯಿತು. ಕಾಫಿ, ಬಿಸ್ಕತ್ತು. ಗುರುತಿಲ್ಲದವಳಿಗೆ ಕಾಫಿ ಯಾಕೆ? ಹೊರಗೆ ಬಕೆಟ್ಟಿನ ಸದ್ದು...

ಆದರೆ ಶೌಚಾಲಯ ತೆರೆದಿತ್ತು. ನಲ್ಲಿಯಲ್ಲಿ ನೀರು, ಫಿನಾಯಿಲ್ ವಾಸನೆ. ಸೋಪಿನ ಮೇಲಿನ ಅಕ್ಷರ ಕೂಡ ಸವೆದಿರಲಿಲ್ಲ. ಒಂದು ಕ್ಷಣ ಏನೋ ಅನ್ನಿಸಿತು. ಸಾಕು, ಎಲ್ಲದಕ್ಕೂ ಸಂಶಯಪಟ್ಟರೆ ಮಗಳನ್ನು ಎಲ್ಲಿ ಸೇರಿಸಲಿ? ಟಿ.ಸಿ. ತರಬೇಕು.

ಜೂನ್ 23, ಸೋಮವಾರ

ಸೇರಿಸಿ ಒಂದು ವಾರ. ಅಡ್ಮಿಷನ್ನಿಗೆ ಇವರು ಹೋಗಿದ್ದರು. ಬಾಟಲಿ ತುಂಬಿಯೇ ಬರುತ್ತಿದೆ. ಇವತ್ತು ಹೇಳದೆ ಹೋದೆ, ಐಡಿ ಕಾರ್ಡಿಲ್ಲದೆ. ಶೌಚಾಲಯಕ್ಕೆ ಬೀಗ. ತುಕ್ಕು ಹಿಡಿದ ಹಳೆಯ ಬೀಗ.

ವಾರಿಜಾ ಮೇಡಂ ಗುರುತು ಸಿಕ್ಕಿದ ಮೇಲೆ ಹಣೆ ಚಚ್ಚಿಕೊಂಡರು. “ಅಯ್ಯೋ, ಪೇರೆಂಟಾ ನೀವು! ಬಿಇಒ ಆಫೀಸಿಂದ ಇನ್ಸ್‌ಪೆಕ್ಷನ್‌ಗೆ ಬಂದೋರು ಅಂದ್ಕೊಂಡು ಟೀಚರ್‌ಗಳೇ ಬಕೆಟ್ ಹಿಡಿದು ತೊಳೆದ್ರು ಕಣ್ರೀ. ದಿನಾ ತೊಳೆಯೋಕೆ ಜನ ಇಲ್ಲ. ತೆಗೆದಿಟ್ರೆ ಎರಡೇ ದಿನಕ್ಕೆ ನಾರತ್ತೆ. ನಾನೇನ್ ಮಾಡ್ಲಿ, ಹೇಳಿ?”

ಸಿಟ್ಟು ಬಂತು. ಅವರ ಮೇಲೋ, ನನ್ನ ಮೇಲೋ. ಎಣಿಸಿದೆ, ಮೂಸಿದೆ, ಬರೆದುಕೊಂಡೆ — ನನಗಾಗಿಯೇ ತೊಳೆದದ್ದು ಹೊಳೆಯಲಿಲ್ಲ. ಆ ಸಿಟ್ಟನ್ನೆಲ್ಲ ಶ್ವೇತಾಳ ಮೇಲೆ ತೀರಿಸಿಕೊಂಡೆ. ನಾಳೆಯಿಂದ ಬಾಟಲಿ ಖಾಲಿಯಾಗಿ ಬರದಿದ್ದರೆ ನೋಡು ಎಂದೆ. ಹಾಗೆನ್ನಬಾರದಿತ್ತು.

ಜೂನ್ 26, ಗುರುವಾರ, ಸಂಜೆ 5

ಮೂರು ದಿನದಿಂದ ಬಾಟಲಿ ಖಾಲಿ. “ಎಲ್ಲಾ ಕುಡದೀನವ್ವಾ.” ಕೇಳದೆಯೇ ಹೇಳುತ್ತಾಳೆ. ಬೀಗ ತೆಗೆದರಾ ಎಂದರೆ “ಹೂಂ” — ಮುಖ ಆ ಕಡೆ.

ಕೆಳಗಿನ ಮನೆಯ ಓನರ್ ಆಂಟಿ ಊರಲ್ಲಿಲ್ಲ. ಅವರ ಹೂವಿನ ಕುಂಡಗಳಿಗೆ ವಾರದಿಂದ ನೀರು ಹಾಕುವವರಿಲ್ಲ, ಮಳೆಯೂ ಇಲ್ಲ. ಗುಲಾಬಿ ಒಣಗಿದೆ, ಕನಕಾಂಬರವೂ. ಗೇಟಿನ ಪಕ್ಕದ ದಾಸವಾಳ ಒಂದೇ ನಳನಳಿಸುತ್ತಿದೆ. ಈಗ ತಾನೇ ಇಳಿದು ಹೋಗಿ ಮಣ್ಣಿಗೆ ಬೆರಳಿಟ್ಟೆ. ಒದ್ದೆ.

ಬೈಯುವುದಿಲ್ಲ. ಹತ್ತಿರ ಕೂರಿಸಿಕೊಂಡು ಕೇಳುತ್ತೇನೆ. ಬಂದವಳೇ ಬಚ್ಚಲಿಗೆ ಓಡಿದ್ದಳು, ಈಗ ಮತ್ತೆ ಹೋಗಿದ್ದಾಳೆ. ಕರೆಯುತ್ತಿದ್ದಾಳೆ...

“ಅವ್ವಾ, ಮತ್ತ ಉರಿಯಾಕತ್ತೈತಿ” —