ಗೆರೆ ಇಳಿಯಿತು, ಅಮ್ಮಾ!

ಕಚೇರಿಯ ಮೂರನೇ ಮಹಡಿ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೪, ಶುಕ್ರವಾರ

ನನ್ನ ಮುದ್ದು ಅಮ್ಮನಿಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಅಕ್ಕನ ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ಆ ಮನೆಯ ಮೆಟ್ಟಿಲು ಹತ್ತಿಳಿದು ನಿನ್ನ ಕಾಲೂ ಕೈಕೊಟ್ಟೀತು, ಜೋಕೆ. ಪಾತ್ರೆ ತೊಳೆದರೆ ಕೈಯೇನೂ ಸವೆಯುವುದಿಲ್ಲವೆಂದು ಭಾವನಿಗೆ ಹೇಳು. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಏನು ಬಂತು, ಕಾಲು ನೆಲದ ಮೇಲೇ ಇಲ್ಲ! ಖುಷಿಯಾದರೆ ನನ್ನ ಬೆರಳುಗಳು ಇನ್ನಷ್ಟು ಸೆಟೆದುಕೊಳ್ಳುವುದು ನಿನಗೆ ಗೊತ್ತಲ್ಲ, ಟೈಪಿಸಿದ್ದರಲ್ಲಿ ತಪ್ಪಿದ್ದರೆ ಹೊಂದಿಸಿಕೊಂಡು ಓದು.

ಅಮ್ಮಾ, ಗೆರೆ ಇಳಿಯಿತು! ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ "ಮಕ್ಕಳನ್ನು ಎಣಿಸ್ತಾನೆ" ಎಂದು ನೀನು ಒಂದೇ ಮಾತಲ್ಲಿ ಮುಗಿಸುತ್ತೀಯಲ್ಲ, ಅದೇ ಎಣಿಕೆಯ ಗ್ರಾಫಿನ ಗೆರೆ. ಒಂದೊಂದು ವರ್ಷ ಹುಟ್ಟಿದ ಸಾವಿರ ಮಕ್ಕಳಲ್ಲಿ ಎಷ್ಟು ಜನಕ್ಕೆ ನನ್ನಂತೆ ಕೈಕಾಲು ಸೆಟೆಸುವ ಸೆರೆಬ್ರಲ್ ಪಾಲ್ಸಿ ಇದೆ ಎಂದು, ಅವರಿಗೆ ಐದು ತುಂಬಿ ವೈದ್ಯರು ಖಚಿತವಾಗಿ ಹೇಳಿದ ಮೇಲೆ ಲೆಕ್ಕಕ್ಕೆ ಸೇರಿಸುತ್ತೇವೆ. ನಾನು ಹುಟ್ಟಿದ ಕಾಲದಿಂದಲೂ ಆ ಗೆರೆ ಎರಡರ ಮೇಲೆ ಜಪ್ಪಯ್ಯ ಎಂದರೂ ಅಲ್ಲಾಡದೆ ಕೂತಿತ್ತು. ದಿನ ತುಂಬದೆ ಹುಟ್ಟಿದ ಅಂಗೈಯಗಲದ ಕೂಸುಗಳಲ್ಲೇ ಇದು ಹೆಚ್ಚು, ಅವೂ ಈಗ ಬದುಕುಳಿಯುವುದರಿಂದ ಗೆರೆ ಇನ್ನೂ ಏರುತ್ತದೆಂದೇ ಎಲ್ಲರೂ ಅಂದುಕೊಂಡಿದ್ದರು. ಈ ಸಲ ನೋಡಿದರೆ ಒಂದೂವರೆ!

ನಮ್ಮ ಮೇಡಂ ಮಾತ್ರ ತಣ್ಣೀರೆರಚಿದರು. "ಮಕ್ಕಳು ಕಡಿಮೆಯಾಗಿಲ್ಲ, ನಾವು ಹುಡುಕೋದು ಕಡಿಮೆಯಾಗಿದೆ" ಎಂದರು. ತಪ್ಪು ಲೆಕ್ಕ ಹೊರಬಿದ್ದರೆ, ಮಕ್ಕಳೇ ಇಲ್ಲವಲ್ಲ ಎಂದು ಆಸ್ಪತ್ರೆಯವರು ಫಿಸಿಯೋಥೆರಪಿಯ ಕೋಣೆಗಳಿಗೆ ಬೀಗ ಜಡಿದುಬಿಡುತ್ತಾರೆ. ಸರಿ, ನನ್ನ ಕಾಲು ತಿರುಚಿ ಅಳಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಇದ್ದಾಳಲ್ಲ, ನಮ್ಮ 'ಹಿಂಸಾದೇವಿ', ಅವಳೂ ನಾನೂ ಚಳಿಗಾಲವಿಡೀ ಶಾಲೆ, ಕ್ಲಿನಿಕ್ಕು, ಮನೆ ಎಂದು ಅಲೆದೆವು. ಒಬ್ಬ ದರ್ಜಿಯ ಮಗಳು ನಮ್ಮ ಪಟ್ಟಿಯಿಂದ ತಪ್ಪಿಸಿಕೊಂಡಿದ್ದಳು. ಹೊಲಿಗೆ ಯಂತ್ರಗಳ ಸಂದಿಯಲ್ಲಿ ಗಾಲಿಯ ವಾಕರ್ ಹಿಡಿದು ಸರ್ರನೆ ಬಂದವಳು ಅದನ್ನು ನನ್ನ ಪಾದದ ಮೇಲೇ ಹತ್ತಿಸಿದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಪ್ಪಾ, ಈ ಮಾಮನೂ ನನ್ನ ಥರಾನೇ ನಡೀತಾನೆ!" ಎಂದು ಕಿರುಚಿದಳು. ಅವಳಪ್ಪ ನಾಚಿಕೆಯಿಂದ ಕತ್ತರಿ ಬೀಳಿಸಿದ. ನಾನು ನಕ್ಕೂ ನಕ್ಕೂ ಗೋಡೆಗೊರಗಿದೆ.

ಹಾಗೆ ಸಿಕ್ಕ ಮಕ್ಕಳನ್ನೆಲ್ಲ ಸೇರಿಸಿದೆವು. ಗೆರೆ ಕೂದಲೆಳೆಯಷ್ಟು ಏರಿ, ಎರಡಕ್ಕಿಂತ ಕೆಳಗೇ ನಿಂತಿತು! ಇವತ್ತು ಬೆಳಿಗ್ಗೆ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು "ನಿಜವಾಗ್ಲೂ ಇಳಿದಿದೆ ಕಣಯ್ಯ" ಎಂದರು. ಏಕೆ ಇಳಿಯಿತೆಂದು ಇನ್ನೂ ನೋಡಬೇಕು. ಹುಟ್ಟಿದ ಗಳಿಗೆಯ ಆರೈಕೆ ಸುಧಾರಿಸಿರಬೇಕು ಎನ್ನುತ್ತಾರೆ. "ನಿನ್ನಂಥೋರು ಕಮ್ಮಿಯಾದ್ರೆ ನಿನಗ್ಯಾಕೋ ಇಷ್ಟು ಕುಣಿತ?" ಎಂದು ಹಿಂಸಾದೇವಿ ಕೆಣಕಿದಳು. ನನ್ನ ಬದುಕಿನ ಮೇಲೆ ನನಗೆ ದೂರಿಲ್ಲ ಅಮ್ಮಾ. ಆದರೆ ಎಷ್ಟೋ ಕೂಸುಗಳಿಗೆ ಸಮಯಕ್ಕೆ ಸರಿಯಾಗಿ ಉಸಿರು ಸಿಕ್ಕಿದೆ ಎಂದರೆ ಕುಣಿಯದಿರಲು ಆಗುತ್ತದೆಯೇ?

ಅಕ್ಕನಿಗೆ ಒಂದು ಗುದ್ದು, ಭಾವನಿಗೆ ನಮಸ್ಕಾರ, ನಿನಗೆ ಕೆನ್ನೆ ತುಂಬ ಮುತ್ತು.

ನಿನ್ನ
ಗುಂಡ

ಮರೆತೇಬಿಟ್ಟಿದ್ದೆ: ಬುಧವಾರ ದೊಡ್ಡ ಸಭಾಂಗಣದಲ್ಲಿ ವೈದ್ಯರೆದುರು ಇದನ್ನೆಲ್ಲ ಹೇಳುವವನು ನಾನೇ! ಓದಲು ಬೇರೆ ಯಾರನ್ನಾದರೂ ಗೊತ್ತುಮಾಡಲೇ ಎಂದರು ಮೇಡಂ. ಬೇಡ, ನನ್ನ ತೊದಲು ಮಾತು ಅರ್ಥವಾಗದಿದ್ದವರು ಇನ್ನೊಮ್ಮೆ ಕೇಳಲಿ ಎಂದೆ. ನೀನು ಬರಲೇಬೇಕು, ಮುಂದಿನ ಸಾಲಲ್ಲೇ ಕೂರಬೇಕು. ಆದರೆ ಯಾರಾದರೂ ಹುಬ್ಬು ಗಂಟಿಕ್ಕಿದರೆ, "ಅವನು ಹೇಳ್ತಿರೋದು ಏನಂದ್ರೆ" ಎಂದು ಎದ್ದು ನಿಲ್ಲಬೇಡ ಅಮ್ಮಾ. ನಾನೇ ಹೇಳುತ್ತೇನೆ.