ಅರ್ಧ ಗಂಟೆಯ ಕುರ್ಚಿ

ಮಾರ್ಚ್ 4, ಬೆಳಿಗ್ಗೆ 10.20
ಇಂಜೆಕ್ಷನ್ ಆಯಿತು. ಆರನೇ ವಾರ. ಇನ್ನು ಅರ್ಧ ಗಂಟೆ ಕ್ಲಿನಿಕ್‌ನ ಇದೇ ಕುರ್ಚಿ, ಮೈ ಮುನಿಸಿಕೊಳ್ಳುತ್ತದೆಯೋ ನೋಡಲು. ಜೇನುನೊಣದ ವಿಷವನ್ನೇ ಚೂರುಚೂರು ಕೊಟ್ಟು ಮೈಗೆ ಅಭ್ಯಾಸ ಮಾಡಿಸುವುದು. ಎಷ್ಟು ಕ್ಯೂಟ್ ಐಡಿಯಾ! ಅಲರ್ಜಿಗೆ ಟ್ಯೂಷನ್.

"ಮದುಮಗಳೇ, ಮೊಬೈಲ್ ನೋಡ್ಕೊಂಡು ನಗ್ತಾ ಇದ್ರೆ ಸಾಲ್ದು," ಎಂದರು ನರ್ಸಮ್ಮ. "ತುರಿಕೆ, ಉಸಿರು, ಏನಾದ್ರೂ ಆದ್ರೆ ಕೂಗ್ಬೇಕು."

ಮೆಸೇಜ್ ಗಿಡಪ್ಪನದು. ಗಂಡನಿಗೆ ನಾನಿಟ್ಟ ಹೆಸರು. ಸಸ್ಯಗಳ ನರ್ಸರಿ ಅವನದು. ಅದರ ಹಿಂದಿನ ಎರಡು ಕೋಣೆ ನಮ್ಮ ಅರಮನೆ. ಸುತ್ತ ಹೂವು, ಹೂವಿನ ತುಂಬ ಜೇನು. ಮದುವೆಯಾದ ಹದಿನೇಳನೇ ದಿನ ಒಂದು ನನ್ನ ಕತ್ತಿಗೆ ಕುಟುಕಿತು. ಬಿದ್ದೆ. ಎತ್ತಿಕೊಂಡು ಓಡಿದನಂತೆ. ಸೋ ರೊಮ್ಯಾಂಟಿಕ್... ನನಗೇ ನೆನಪಿಲ್ಲ!

ಪಕ್ಕದ ಖಾಲಿ ಕುರ್ಚಿಯಲ್ಲಿ ಇವತ್ತೂ ಅಕ್ಕ. ತೀರಿಹೋದಾಗ ಅವಳಿಗೆ ಹನ್ನೊಂದು ವರ್ಷ, ಈಗಲೂ ಹನ್ನೊಂದೇ. ಅಂಗೈ ಕೆರೆದುಕೊಳ್ಳುತ್ತಾ.

ಮಾರ್ಚ್ 11
ತೋಳು ದಿಂಬಿನ ಹಾಗೆ ಊದಿದೆ. ಗಿಡಪ್ಪ ಐಸ್ ಒತ್ತುತ್ತಾ, "ಇದು ಸರಿಹೋಗ್ಲಿಲ್ಲ ಅಂದ್ರೆ ನರ್ಸರಿ ಮುಚ್ಚಿಬಿಡೋಣ ಕಣೇ."
"ಮುಚ್ಚಿ?"
"ಪ್ಲಾಸ್ಟಿಕ್ ಹೂವು ಮಾರ್ತೀನಿ. ನೀರು ಹಾಕೋದೂ ಉಳೀತು."
ಬಿದ್ದು ಬಿದ್ದು ನಕ್ಕೆವು. ಆದರೆ ಅವನು ತಮಾಷೆ ಮಾಡುತ್ತಿರಲಿಲ್ಲ. ಹತ್ತು ವರ್ಷ ಮಣ್ಣಲ್ಲಿ ಕೈಯಿಟ್ಟು ಕಟ್ಟಿದ್ದು. ನನ್ನಿಂದ ಹೋಗಬಾರದು. ನೆವರ್.

ಮಾರ್ಚ್ 25
ಹೋದ ವಾರ ಬರೆಯಲಿಲ್ಲ. ಡಾಕ್ಟರ್ ಅಂದದ್ದು ತಲೆಯಲ್ಲೇ ಕೂತಿತ್ತು: "ಮುಂದಿನ ಡೋಸು ಹೆಚ್ಚುಕಡಿಮೆ ಒಂದು ಜೇನು ಕುಟುಕಿದಷ್ಟು."
ಒಂದು. ಅಕ್ಕನನ್ನು ಕೊಂದದ್ದೂ ಒಂದೇ.
ಇವತ್ತು ಅಷ್ಟೂ ನನ್ನೊಳಗೆ ಹೋಯಿತು. ಹದಿನೈದನೇ ನಿಮಿಷಕ್ಕೆ ಅಂಗೈ ತುರಿಸಿತು. ಹೇಳಿದರೆ ಚಿಕಿತ್ಸೆ ನಿಲ್ಲಿಸುತ್ತಾರೆ, ಗಿಡಪ್ಪ ನರ್ಸರಿ ಮುಚ್ಚುತ್ತಾನೆ. ಕೈಗಳನ್ನು ತೊಡೆಯಡಿ ಇಟ್ಟುಕೊಂಡೆ. "ಏನಿಲ್ಲ ತಾನೆ?" ಎಂದರು ನರ್ಸಮ್ಮ. "ಫೈನ್, ಫೈನ್!" ಎಂದೆ.
ಅಕ್ಕ ನನ್ನನ್ನೇ ನೋಡುತ್ತಿದ್ದಳು.

ಮಾರ್ಚ್ 26
ಇದನ್ನು ಎಲ್ಲೂ ಬರೆದಿಲ್ಲ.
ಅಮ್ಮ ಹೋಗಕೂಡದು ಎಂದಿದ್ದ ಹಿತ್ತಲ ಶೆಡ್ಡಿಗೆ ಅಕ್ಕನನ್ನು ಎಳೆದುಕೊಂಡು ಹೋದವಳು ನಾನು. ನನಗಾಗ ಒಂಬತ್ತು. ಅವಳಿಗೆ ಜೇನು ಕುಟುಕಿತು. "ಅಂಗೈ ತುರಿಸ್ತಿದೆ ಕಣೇ, ಅಮ್ಮನ್ನ ಕರೀತೀನಿ," ಎಂದಳು.
"ಬೇಡ, ಬೈತಾಳೆ. ಸುಮ್ನೆ ಕೂತ್ಕೋ, ಹೋಗತ್ತೆ."
ಹಿಂದಿನ ಮೆಟ್ಟಿಲ ಮೇಲೆ ಕೂತಳು. ನನ್ನ ಮಾತನ್ನು ಯಾವತ್ತೂ ಕೇಳದವಳು ಅವತ್ತು ಕೇಳಿದಳು. ಅರ್ಧ ಗಂಟೆ. ಆಮೇಲೆ ಪಕ್ಕಕ್ಕೆ ವಾಲಿದಳು.
ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಟ್ಟಳು, ಯಾರೂ ಏನೂ ಮಾಡುವಂತಿರಲಿಲ್ಲ ಎನ್ನುತ್ತಾಳೆ ಅಮ್ಮ. ಆ ಒಂದು ಮಾತನ್ನು ಹಿಡಿದುಕೊಂಡೇ ಹದಿನಾರು ವರ್ಷ ಬದುಕಿದ್ದಾಳೆ.

ಏಪ್ರಿಲ್ 1, ಬೆಳಿಗ್ಗೆ 10.33
ಡೋಸು ಇನ್ನೂ ಏರಿತು. ಹದಿಮೂರನೇ ನಿಮಿಷ. ಅಂಗೈ. ತುಟಿ ದಪ್ಪ. ಗಂಟಲಲ್ಲಿ ಏನೋ... ಅಕ್ಕ ಕುರ್ಚಿಯಿಂದ ಎದ್ದು ನನ್ನೆದುರು ನಿಂತಿದ್ದಾಳೆ. ಬಾಯಿ ಬಿಡುತ್ತಿಲ್ಲ. ನಾನೇ ಮುಚ್ಚಿಸಿದ ಬಾಯಿ. ಕೂಗಬೇಕು. ಕೂಗ

ಅದೇ ದಿನ, ಸಂಜೆ
ಕೂಗಿದೆ. ತೊಡೆಗೆ ಇಂಜೆಕ್ಷನ್, ಮೂಗಿಗೆ ಆಕ್ಸಿಜನ್. ನರ್ಸಮ್ಮ ಸಿಟ್ಟಿಗೆ ಏಕವಚನಕ್ಕೆ ಇಳಿದರು: "ಹೋದ ವಾರಾನೇ ತುರಿಸಿತ್ತಾ? ಈಗ ಹೇಳ್ತೀಯಾ? ಒದೀಬೇಕು ನಿನ್ನ!" ಡೋಸು ಇಳಿಸಿ ಮುಂದುವರಿಸುತ್ತಾರಂತೆ. ನಿಲ್ಲಿಸುವುದಿಲ್ಲ. ಒಂದಷ್ಟು ವಾರ ಜಾಸ್ತಿ, ಅಷ್ಟೇ. ಇಷ್ಟಕ್ಕೆ ನಾನು...

ಗಿಡಪ್ಪನಿಗೆ ಎಲ್ಲ ಹೇಳಿದೆ. ಶೆಡ್ಡಿನದೂ. "ಮಗು ಕಣೇ ನೀನಾಗ," ಎಂದ. ಮತ್ತೆ, "ಅಮ್ಮಂಗೆ ಹೇಳ್ಬೇಕು ಅನ್ಸತ್ತಾ?"
ಅನಿಸುತ್ತದೆ. ಭಯವೂ ಆಗುತ್ತದೆ.
ಆರೂವರೆಗೆ ಫೋನ್ ಮಾಡುತ್ತೇನೆ. ಬಾಯಿ ತೊದಲಬಾರದು, ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ಅಕ್ಕ ಭುಜದ ಹಿಂದಿನಿಂದ ಓದುತ್ತಿದ್ದಾಳೆ.

ಅಮ್ಮ, ಅವತ್ತು ಅಕ್ಕ ನಿನ್ನನ್ನ ಕರೀತೀನಿ ಅಂದ್ಲು. ಬೇಡ ಅಂದೋಳು ನಾನು. ನೀನು ಅಡುಗೆಮನೇಲೇ ಇದ್ದೆ ಅಮ್ಮ, ಅವಳು ಒಂದೇ ಒಂದ್ಸಲ ಕೂಗಿದ್ದಿದ್ರೆ ನೀನು